ಸ್ವಿಚ್ ಹಾಕುವ ಮೊದಲು ಎಷ್ಟು ಬರಬೇಕು ಬರೆದಿಡಿ: ಇಸಿ, ಇಇ ಓದಲು ಹೊರಟವರಿಗೆ

ನಮ್ಮ ಕಡೆ ಎಲ್ಲಕ್ಕೂ ಒಂದೇ ಪದ: ಕರೆಂಟು. ಕರೆಂಟು ಹೋಯ್ತು, ಕರೆಂಟು ಹೊಡೀತು, ಕರೆಂಟು ಕಮ್ಮಿ ಬರ್ತಿದೆ, ಈ ತಿಂಗಳು ಕರೆಂಟು ಜಾಸ್ತಿ ಖರ್ಚಾಗಿದೆ. ಎಲೆಕ್ಟ್ರಿಕಲ್ (ಇಇ, ಇಇಇ), ಎಲೆಕ್ಟ್ರಾನಿಕ್ಸ್ (ಇಸಿ, ಇಸಿಇ) ಓದಲು ಹೊರಟವರು ಮೊದಲು ಬಿಚ್ಚಬೇಕಾದ ಗಂಟು ಇದೇ. ಹೋಗಿದ್ದು ಸಪ್ಲೈ. ಕಮ್ಮಿ ಬರುತ್ತಿರುವುದು ವೋಲ್ಟೇಜ್. ಖರ್ಚಾಗಿದ್ದು ಎನರ್ಜಿ, 2,000 ವ್ಯಾಟ್‌ನ ಗೀಸರ್ ಅರ್ಧ ಗಂಟೆ ಓಡಿದರೆ ಬಿಲ್ಲಿನಲ್ಲಿ 1 ಯೂನಿಟ್. ನಾಲ್ಕರಲ್ಲಿ ನಿಜವಾದ ಕರೆಂಟ್ ಅಂದರೆ ಹೊಡೆದದ್ದು ಮಾತ್ರ, ಯಾಕಂದರೆ ಅದು ಮೈಯೊಳಗಿಂದ ಹಾದುಹೋಯಿತು. ವೋಲ್ಟೇಜ್ ಯಾವಾಗಲೂ ಎರಡು ತುದಿಗಳ ನಡುವೆ, ಕರೆಂಟ್ ಯಾವಾಗಲೂ ಒಂದು ದಾರಿಯೊಳಗೆ. ಇದನ್ನು ಮನೆಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಲು ಬಂದರೆ ಮೊದಲ ಸೆಮಿಸ್ಟರಿನ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಒಂದು ಮಾಡ್ಯೂಲ್ ಮುಗಿದಂತೆ.

ನಾನು ಇಸಿ ಓದಿದವನು, ಈಗ ಬೋರ್ಡುಗಳ ಜೊತೆ ದಿನ ಕಳೆಯುವವನು. ಸಿಇಟಿ ಮುಗಿಸಿದ ನೆಂಟರ ಮಕ್ಕಳಿಗೆ ಪ್ರತಿ ವರ್ಷ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳದ್ದು, ನನಗೆ ಗೊತ್ತಿರುವ ಲೋಕ ಅದು.

ಹೆಜ್ಜೆ 1: ಬ್ರಾಂಚಿನ ಹೆಸರು ಬಿಡಿ, ಸಿಲಬಸ್ ತೆರೆಯಿರಿ

ಆಪ್ಷನ್ ಎಂಟ್ರಿ ಮಾಡುವ ರಾತ್ರಿ ಎಲ್ಲರೂ ಕಟ್‌ಆಫ್ ರ‍್ಯಾಂಕ್ ನೋಡುತ್ತಾರೆ, ಸಿಲಬಸ್ ನೋಡುವವರು ಕಡಿಮೆ. ವಿಟಿಯು ವೆಬ್‌ಸೈಟಿನಲ್ಲಿ ಪ್ರತಿ ಬ್ರಾಂಚಿನ ಸಿಲಬಸ್ ಪಿಡಿಎಫ್ ಇರುತ್ತದೆ. ಕಾಲೇಜು ಅಟಾನಮಸ್ ಆಗಿದ್ದರೆ ಅವರದ್ದೇ ವೆಬ್‌ಸೈಟಿನಲ್ಲಿ. ಮೂರನೇ ಸೆಮಿಸ್ಟರಿನಿಂದ ಆರನೆಯದರವರೆಗೆ ವಿಷಯಗಳ ಹೆಸರಷ್ಟೇ ಓದಿ. ಮೊದಲ ವರ್ಷ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ, ಏಳು ಎಂಟರಲ್ಲಿ ಪ್ರಾಜೆಕ್ಟು ಇಂಟರ್ನ್‌ಶಿಪ್ಪು. ಬ್ರಾಂಚ್ ಅಂದರೆ ಮಧ್ಯದ ಈ ಎರಡು ವರ್ಷ.

ಇಇಇ ಅಂದರೆ ಟ್ರಾನ್ಸ್‌ಫಾರ್ಮರ್, ಮೋಟರು, ಗ್ರಿಡ್ಡು, ಪವರ್ ಎಲೆಕ್ಟ್ರಾನಿಕ್ಸ್. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದರಲ್ಲ, ಆ ಕೆಲಸದ ಮೂಲ ಲೆಕ್ಕವೇ ಈ ಬ್ರಾಂಚಿನ ಜೀವಾಳ: ಅಷ್ಟೇ ಪವರನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟ್ ಹತ್ತನೇ ಒಂದಾಗುತ್ತದೆ, ತಂತಿಯಲ್ಲಿ ಬಿಸಿಯಾಗಿ ಹಾಳಾಗುವುದು ನೂರನೇ ಒಂದಾಗುತ್ತದೆ. (ಬೆಂಗಳೂರಿನ ಬೀದಿದೀಪಕ್ಕೆ ಆ ವಿದ್ಯುತ್ ಬಂದದ್ದು 1905ರಲ್ಲಿ. ಗಣಿಗೆ ಮೊದಲು, ಊರಿಗೆ ಆಮೇಲೆ.) ಇಂದು ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರು, ಸೋಲಾರ್ ಇನ್ವರ್ಟರು ಎಲ್ಲ ಈ ಮನೆಯವೇ.

ಇಸಿಇ ಅಂದರೆ ಸಿಗ್ನಲ್ಲು, ಚಿಪ್ಪು, ಕಮ್ಯುನಿಕೇಶನ್, ಎಂಬೆಡೆಡ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂತು; ಚಿಪ್ ವಿನ್ಯಾಸದ ಕೆಲಸ ನಮ್ಮ ಊರಲ್ಲಿ ಸಿಗುವುದಕ್ಕೆ ಆಗಿನಿಂದ ಬೆಳೆದ ಈ ಉದ್ಯಮವೇ ಕಾರಣ. "ಸಿಎಸ್ ಸಿಗಲಿಲ್ಲ, ಅದಕ್ಕೆ ಇಸಿ" ಎಂದು ಬರುವವರೇ ಅರ್ಧ ಕ್ಲಾಸು. ತಪ್ಪೇನಿಲ್ಲ, ಆದರೆ ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಬಂದಾಗ ಯಾರನ್ನೂ ಬೈಯಬೇಡಿ, ಪಿಡಿಎಫ್‌ನಲ್ಲಿ ಅದು ಇತ್ತು.

ಹೆಸರಿನ ಒಂದು ಗೊಂದಲ: ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇಸಿಇ ಅಂದರೆ ಎಲೆಕ್ಟ್ರಿಕಲ್ ಆಂಡ್ ಕಂಪ್ಯೂಟರ್ ಎಂಜಿನಿಯರಿಂಗ್. ನಮ್ಮಲ್ಲಿ ಅದೇ ಅಕ್ಷರಗಳು ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಶನ್. ಮುಂದೆ ಎಂಎಸ್‌ಗೆ ಹೋಗುವವರು ಅರ್ಜಿಯಲ್ಲಿ ಪೂರ್ತಿ ಹೆಸರು ಬರೆಯಿರಿ.

ಹೆಜ್ಜೆ 2: ಮೊದಲ ವರ್ಷ ಗಣಿತದ ತೂತು ಮುಚ್ಚಿ

ಪಿಯುಸಿಯಲ್ಲಿ ಸಿಇಟಿಗಾಗಿ ಶಾರ್ಟ್‌ಕಟ್ ಕಲಿತಿರುತ್ತೇವೆ, ಸರಿ ಉತ್ತರ ಟಿಕ್ ಮಾಡುವ ಕಲೆ. ಇಲ್ಲಿ ಬೇಕಾಗುವುದು ಕಾಂಪ್ಲೆಕ್ಸ್ ನಂಬರ್, ಲಾಗರಿದಮ್, ಸೈನ್ ಕೊಸೈನ್, ಡಿಫರೆನ್ಷಿಯಲ್ ಈಕ್ವೇಶನ್. ಈ ನಾಲ್ಕು ಗಟ್ಟಿಯಾದರೆ ನೆಟ್‌ವರ್ಕ್ ಅನಾಲಿಸಿಸ್‌ನಿಂದ ಕಂಟ್ರೋಲ್ ಸಿಸ್ಟಮ್ಸ್‌ವರೆಗೆ ಭಯವಿಲ್ಲ. ಕಾಂಪ್ಲೆಕ್ಸ್ ನಂಬರಿನಲ್ಲಿ 'ಐ' ಎಂದು ಕಲಿತದ್ದನ್ನು ಇಲ್ಲಿ 'ಜೆ' ಎಂದು ಬರೆಯುತ್ತಾರೆ. 'ಐ' ಅಕ್ಷರವನ್ನು ಕರೆಂಟಿಗೆ ಆಗಲೇ ಕೊಟ್ಟಾಗಿದೆ, ಬೇರೆ ಗುಟ್ಟೇನೂ ಇಲ್ಲ. ಸಿ ಪ್ರೋಗ್ರಾಮಿಂಗನ್ನು ಸಿಎಸ್‌ನವರ ಪಾಲಿಗೆ ಬಿಡಬೇಡಿ. ಮೈಕ್ರೊಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಬಂದಾಗ ಅದೇ ಬೇಕು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಮೊದಲ ಎರಡು ತಿಂಗಳು ಪಾಠಕ್ಕಿಂತ ಪದಗಳೇ ಕಾಡುತ್ತವೆ. ನಾನು ಕಂಡ ಒಳ್ಳೆಯ ಉಪಾಯ: ನೋಟ್‌ಬುಕ್ಕಿನ ಎಡಪುಟ ಖಾಲಿ ಬಿಟ್ಟು, ಅವತ್ತಿನ ಪಾಠವನ್ನು ಸಂಜೆ ಅಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು. ಪದಗಳು ಇಂಗ್ಲಿಷಿನವೇ ಇರಲಿ, ವಾಕ್ಯ ಕನ್ನಡದ್ದು. ಎಲ್ಲಿ ವಾಕ್ಯ ಮುಗಿಯುವುದಿಲ್ಲವೋ ಅಲ್ಲಿ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತದೆ. ಇಂಗ್ಲಿಷ್ ಮಾಧ್ಯಮದವರಿಗೂ ಇದು ನಡೆಯುತ್ತದೆ, ಅವರು ಒಪ್ಪಿಕೊಳ್ಳುವುದಿಲ್ಲ ಅಷ್ಟೇ.

ಹೆಜ್ಜೆ 3: ಹಾಸ್ಟೆಲ್ ಮೇಜಿನ ಮೇಲೆ ಒಂದು ಪುಟ್ಟ ಲ್ಯಾಬ್

ಬೆಂಗಳೂರಿನಲ್ಲಿದ್ದರೆ ಒಂದು ಶನಿವಾರ ಎಸ್‌ಪಿ ರೋಡಿಗೆ ಹೋಗಿ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಆಟೋದವರಿಗೂ ಮರೆತಿರಬಹುದು. ಬೇರೆ ಊರಿನವರು ಆನ್‌ಲೈನ್ ತರಿಸಿಕೊಳ್ಳಿ. ಬೇಕಾಗಿರುವುದು ಇಷ್ಟೇ: ಒಂದು ಮಲ್ಟಿಮೀಟರ್, ಬೆಸುಗೆಯಿಲ್ಲದೆ ಪಾರ್ಟು ಸಿಕ್ಕಿಸುವ ಒಂದು ಬ್ರೆಡ್‌ಬೋರ್ಡ್, ಜಂಪರ್ ತಂತಿಗಳು, ರೆಸಿಸ್ಟರ್‌ಗಳ ಒಂದು ಪ್ಯಾಕೆಟ್, ಒಂದಷ್ಟು ಕೆಪಾಸಿಟರ್ ಮತ್ತು ಎಲ್‌ಇಡಿ, ನಾಲ್ಕು ಬಿಸಿ547 ಟ್ರಾನ್ಸಿಸ್ಟರ್, ಒಂದು ಆರ್ಡುಯಿನೊ ಊನೊ ಅಥವಾ ಅದರಂಥ ಮೈಕ್ರೊಕಂಟ್ರೋಲರ್ ಬೋರ್ಡು. ದೊಡ್ಡ ಕಿಟ್ ಕೊಳ್ಳಬೇಡಿ. ಮೂವತ್ತೇಳು ಸೆನ್ಸರಿನ ಡಬ್ಬಿ ತಂದವರ ಡಬ್ಬಿಗಳು ನಾಲ್ಕನೇ ವರ್ಷವೂ ಹಾಗೇ ಇರುವುದನ್ನು ನೋಡಿದ್ದೇನೆ.

ಸಾಫ್ಟ್‌ವೇರಿಗೆ ದುಡ್ಡು ಬೇಡ. ಸರ್ಕ್ಯೂಟ್ ಸಿಮ್ಯುಲೇಶನ್‌ಗೆ ಎಲ್‌ಟಿಸ್ಪೈಸ್ ಅಥವಾ ಎನ್‌ಜಿಸ್ಪೈಸ್, ಪಿಸಿಬಿ (ಪಾರ್ಟು ಕೂರುವ ಸರ್ಕ್ಯೂಟ್ ಬೋರ್ಡು) ವಿನ್ಯಾಸಕ್ಕೆ ಕೈಕ್ಯಾಡ್, ಲೆಕ್ಕಕ್ಕೆ ಮ್ಯಾಟ್‌ಲ್ಯಾಬ್ ಬದಲು ಆಕ್ಟೇವ್, ಡಿಜಿಟಲ್ ಸರ್ಕ್ಯೂಟ್ ಬರೆಯುವ ಭಾಷೆಯಾದ ವೆರಿಲಾಗ್‌ಗೆ ಐಕಾರಸ್. ಪಾಠ ಕ್ಲಾಸಿನಲ್ಲಿ ತಲೆಗೆ ಹೋಗದಿದ್ದರೆ ಎನ್‌ಪಿಟೆಲ್ ವೆಬ್‌ಸೈಟಿನಲ್ಲಿ ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳು ಪುಕ್ಕಟೆ ಸಿಗುತ್ತವೆ.

ಹೆಜ್ಜೆ 4: ಒಂದು ರೆಸಿಸ್ಟರ್, ಒಂದು ಕೆಪಾಸಿಟರ್

ಈ ಲೇಖನದಲ್ಲಿ ಒಂದೇ ಹೆಜ್ಜೆ ಓದುವಿರಾದರೆ ಇದನ್ನು ಓದಿ, ಓದಿ ಮಾಡಿ ನೋಡಿ.

ಬ್ರೆಡ್‌ಬೋರ್ಡ್ ಮೇಲೆ 100 ಕಿಲೋಓಮ್ ರೆಸಿಸ್ಟರ್ ಮತ್ತು 100 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಸರಣಿಯಲ್ಲಿ ಜೋಡಿಸಿ. ಕೆಪಾಸಿಟರಿನ ಮೈಮೇಲೆ ಮೈನಸ್ ಗುರುತಿನ ಪಟ್ಟಿ ಇರುವ ಕಾಲು ಗ್ರೌಂಡಿಗೆ. ತಿರುಗುಮುರುಗಾದರೆ ಬಿಸಿಯಾಗಿ ಸಿಡಿಯಬಹುದು. ರೆಸಿಸ್ಟರಿನ ಇನ್ನೊಂದು ತುದಿಗೆ ಆರ್ಡುಯಿನೊದ 5 ವೋಲ್ಟ್ ಪಿನ್. ಮೀಟರನ್ನು ಕೆಪಾಸಿಟರಿನ ಎರಡು ಕಾಲಿಗೆ ಹಿಡಿಯಿರಿ. 5 ವೋಲ್ಟ್ ಪಿನ್ನಿನ ತಂತಿಯನ್ನು ಮಾತ್ರ ಇನ್ನೂ ಸಿಕ್ಕಿಸಬೇಡಿ.

ಮೊದಲು ಹಾಳೆಯ ಮೇಲೆ ಬರೆಯಿರಿ. ಆರ್ ಸಿ ಗುಣಿಸಿದರೆ 10 ಸೆಕೆಂಡ್, ಇದೇ ಟೈಮ್ ಕಾನ್ಸ್ಟಂಟ್. 10 ಸೆಕೆಂಡಿಗೆ ಶೇ. 63, ಅಂದರೆ 3.16 ವೋಲ್ಟ್ ಬರಬೇಕು. 20ಕ್ಕೆ 4.32, 30ಕ್ಕೆ 4.75, 50ಕ್ಕೆ 4.97. ಈಗ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟು ತಂತಿ ಸಿಕ್ಕಿಸಿ, ಓದುತ್ತ ಬರೆದುಕೊಳ್ಳಿ.

ನಾನು ಮೊದಲ ಸಲ ಮಾಡಿದಾಗ ಒಂದು ನಿಮಿಷ ಕಳೆದರೂ ಮೀಟರು 4.5ರ ಹತ್ತಿರ ನಿಂತುಬಿಟ್ಟಿತು. ಕೆಪಾಸಿಟರ್ ಕೆಟ್ಟದ್ದು ಎಂದುಕೊಂಡು ಮೂರು ಬದಲಿಸಿದೆ. ಅಂಗಡಿಯವ ಹಳೆ ಮಾಲು ಕೊಟ್ಟ ಎಂದು ಬೈದುಕೊಂಡೆ. 5 ವೋಲ್ಟ್ ಪಿನ್ ಅಳೆದೆ, ಸರಿಯಾಗಿ 5 ಇತ್ತು. ರಾತ್ರಿ ಹನ್ನೊಂದಕ್ಕೆ ಸೀನಿಯರ್ ಒಬ್ಬ ಬಂದು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಮೀಟರಿನ ಇನ್‌ಪುಟ್ ರೆಸಿಸ್ಟೆನ್ಸ್ ಎಷ್ಟೋ?"

ಅಗ್ಗದ ಹಳದಿ ಮೀಟರುಗಳಲ್ಲಿ ಹಲವಕ್ಕೆ ಅದು 1 ಮೆಗಾಓಮ್. ಅಂದರೆ ನಾನು ಅಳೆಯಲು ಹೋದ ಗಳಿಗೆಯಲ್ಲೇ ಕೆಪಾಸಿಟರಿಗೆ ಅಡ್ಡಲಾಗಿ 1 ಮೆಗಾಓಮ್ ರೆಸಿಸ್ಟರ್ ಕಟ್ಟಿದ್ದೆ. 5 ವೋಲ್ಟನ್ನು 100 ಕಿಲೋ ಮತ್ತು 1,000 ಕಿಲೋ ಹಂಚಿಕೊಂಡರೆ ಮೀಟರಿನ ಪಾಲಿಗೆ 4.55. ಲೆಕ್ಕ ತಪ್ಪಿರಲಿಲ್ಲ, ಲೆಕ್ಕದಲ್ಲಿ ಮೀಟರನ್ನೇ ಸೇರಿಸಿರಲಿಲ್ಲ. 10 ಮೆಗಾಓಮಿನ ಒಳ್ಳೆಯ ಮೀಟರ್ ಹಿಡಿದರೆ 4.95ರ ಹತ್ತಿರಕ್ಕೆ ಏರುತ್ತದೆ. ಕೆಪಾಸಿಟರಿನ ಸೋರಿಕೆ ಇನ್ನೊಂದಿಷ್ಟು ಇಳಿಸುತ್ತದೆ. ಸಮಯವೂ ಸರಿಯಾಗಿ ಹೊಂದುವುದಿಲ್ಲ, ಯಾಕಂದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಮೇಲೆ 100 ಎಂದು ಬರೆದಿದ್ದರೂ ಸಾಮಾನ್ಯವಾಗಿ ಶೇ. 20ರಷ್ಟು ಆಚೀಚೆ ಇರಬಹುದು. ಮೊದಲೇ 4.97 ಎಂದು ಬರೆದಿಟ್ಟಿರದಿದ್ದರೆ 4.5 ನೋಡಿ "ಹೂಂ, ಸರಿ" ಎಂದು ಮಲಗಿರುತ್ತಿದ್ದೆ.

ಈಗ ಇದೇ ಎರಡು ಪಾರ್ಟುಗಳನ್ನು ನಾಲ್ಕು ವರ್ಷ ಎಳೆದುಕೊಂಡು ಹೋಗಿ. ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ನೀವು ಲ್ಯಾಪ್ಲಾಸ್ (ಡಿಫರೆನ್ಷಿಯಲ್ ಈಕ್ವೇಶನ್ ಬಿಡಿಸುವ ಒಂದು ವಿಧಾನ) ಹಾಕಿ ಬಿಡಿಸುವುದು ಈ ಏರುವ ಗೆರೆಯನ್ನೇ. ಬೆಲೆಗಳನ್ನು 1 ಕಿಲೋಓಮ್, 1 ಮೈಕ್ರೊಫ್ಯಾರಡ್ ಮಾಡಿ ಕಾಲೇಜಿನ ಫಂಕ್ಷನ್ ಜನರೇಟರಿನಿಂದ ಸೈನ್ ವೇವ್ ಕೊಟ್ಟರೆ ಅದು ಲೋ-ಪಾಸ್ ಫಿಲ್ಟರ್. ಸುಮಾರು 159 ಹರ್ಟ್ಸ್‌ನಲ್ಲಿ ಔಟ್‌ಪುಟ್ 0.707 ಪಟ್ಟಾಗಿ 45 ಡಿಗ್ರಿ ಹಿಂದೆ ಬೀಳುತ್ತದೆ. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಇದರ ಹೆಸರು ಫಸ್ಟ್ ಆರ್ಡರ್ ಸಿಸ್ಟಮ್. ಹೆಸರು ಬದಲಾದಾಗಲೆಲ್ಲ ಹೊಸ ವಿಷಯ ಎಂದುಕೊಂಡು ಬಾಯಿಪಾಠ ಮಾಡುವವರು ಒಂದೇ ಪಾಠವನ್ನು ಮೂರು ಸಲ ಹೊರುತ್ತಾರೆ.

ಮೈಕ್ರೊಕಂಟ್ರೋಲರಿಗೆ ಬಂದಾಗ ರೆಸಿಸ್ಟರೂ ಇಲ್ಲ, ಕೆಪಾಸಿಟರೂ ಇಲ್ಲ, ಒಂದು ಸಾಲು ಕೋಡ್: ಹಳೆಯ ಬೆಲೆಗೆ, ಹೊಸ ರೀಡಿಂಗ್ ಮತ್ತು ಹಳೆಯ ಬೆಲೆಯ ವ್ಯತ್ಯಾಸದ ನೂರನೇ ಒಂದು ಭಾಗ ಸೇರಿಸು. 0.1 ಸೆಕೆಂಡಿಗೊಮ್ಮೆ ಇದನ್ನು ಮಾಡಿದರೆ ಸುಮಾರು 10 ಸೆಕೆಂಡಿನ ಅದೇ ಆರ್‌ಸಿ ಸಿಕ್ಕಿತು. ಕುಣಿಯುವ ಸೆನ್ಸರ್ ರೀಡಿಂಗನ್ನು ಕೂರಿಸಲು ಇದನ್ನು ಎಲ್ಲರೂ ಬಳಸುತ್ತಾರೆ. ಇಲ್ಲೂ ಒಂದು ಬಲೆ ಇದೆ. ವೇರಿಯಬಲ್‌ಗಳನ್ನು ಪೂರ್ಣಾಂಕವಾಗಿ ಇಟ್ಟರೆ, ವ್ಯತ್ಯಾಸ 99 ಇದ್ದಾಗ ನೂರರಿಂದ ಭಾಗಿಸಿದರೆ ಸೊನ್ನೆ. ಫಿಲ್ಟರ್ ಅಲ್ಲೇ ಕುಂಟುತ್ತ ನಿಲ್ಲುತ್ತದೆ. ಊನೊದ 10 ಬಿಟ್ ಎಡಿಸಿಯಲ್ಲಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಒಂದು ಹಂತ ಸುಮಾರು 4.9 ಮಿಲಿವೋಲ್ಟ್, ಆದ್ದರಿಂದ 99 ಹಂತ ಅಂದರೆ ಹತ್ತಿರ ಹತ್ತಿರ ಅರ್ಧ ವೋಲ್ಟ್. 5ಕ್ಕೆ ಏರಬೇಕಾದದ್ದು ಮತ್ತೆ 4.5ರಲ್ಲೇ ನಿಂತಿತು! ಈ ಸಲ ಕಳ್ಳ ಮೀಟರ್ ಅಲ್ಲ.

ಹೆಜ್ಜೆ 5: ಲ್ಯಾಬಿನಲ್ಲಿ ರೆಕಾರ್ಡ್ ಬೇರೆ, ರಫ್ ಬುಕ್ ಬೇರೆ

ರೆಕಾರ್ಡ್ ಬುಕ್ ಸಹಿಗಾಗಿ. ಅದರಲ್ಲಿ ಎಲ್ಲರ ಗ್ರಾಫೂ ಒಂದೇ ಥರ ಇರುತ್ತದೆ, ಹಿಂದಿನ ವರ್ಷದವರದ್ದೂ ಸೇರಿ. ನಿಮಗೆ ಕಲಿಸುವುದು ರಫ್ ಬುಕ್. ಅದರಲ್ಲಿ ಪ್ರತಿ ಪ್ರಯೋಗಕ್ಕೆ ಎರಡು ಕಾಲಂ ಹಾಕಿ: ಎಷ್ಟು ಬರಬೇಕು, ಎಷ್ಟು ಬಂತು. ಮೊದಲನೆಯದನ್ನು ಹಾಸ್ಟೆಲಿನಲ್ಲೇ ತುಂಬಿಕೊಂಡು ಬನ್ನಿ. ವೈವಾದಲ್ಲಿ ಕೇಳುವ ಹೆಚ್ಚಿನ ಪ್ರಶ್ನೆಗಳು ಈ ಎರಡು ಕಾಲಂಗಳ ನಡುವಿನ ಅಂತರದಲ್ಲೇ ಇರುತ್ತವೆ.

ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಎಲ್ಲ ಕಿತ್ತು ಮತ್ತೆ ಜೋಡಿಸುವ ಚಟ ಬಿಡಿ. ಮೊದಲು ಪವರ್ ಅಳೆಯಿರಿ, ಅದೂ ಸಪ್ಲೈ ಬಾಕ್ಸಿನಲ್ಲಲ್ಲ, ಐಸಿಯ ಕಾಲಿನ ಮೇಲೆಯೇ. ಆಮೇಲೆ ಗ್ರೌಂಡ್: ಎರಡು ಬೋರ್ಡು ಮಾತಾಡಬೇಕಿದ್ದರೆ ಎರಡರ ಗ್ರೌಂಡೂ ಸೇರಿರಬೇಕು. ಆಮೇಲೆ ಸಿಗ್ನಲನ್ನು ಒಂದು ತುದಿಯಿಂದ ಹಿಂಬಾಲಿಸಿ. ಉದ್ದನೆಯ ಬ್ರೆಡ್‌ಬೋರ್ಡುಗಳಲ್ಲಿ ಪವರಿನ ಕೆಂಪು ಗೆರೆ ಮಧ್ಯದಲ್ಲಿ ತುಂಡಾಗಿದ್ದರೆ ಒಳಗಿನ ಪಟ್ಟಿಯೂ ಅಲ್ಲಿ ತುಂಡಾಗಿರುತ್ತದೆ. ಇದು ಗೊತ್ತಿಲ್ಲದೆ ಮೂರು ಗಂಟೆಯ ಲ್ಯಾಬ್ ಕಳೆದುಕೊಂಡ ಬ್ಯಾಚುಗಳಿಗೆ ಲೆಕ್ಕವಿಲ್ಲ.

ಮೀಟರನ್ನು ಆಂಪಿಯರ್ ಜ್ಯಾಕಿನಲ್ಲಿಟ್ಟು ವೋಲ್ಟೇಜ್ ಅಳೆಯಲು ಹೋಗಬೇಡಿ, ಅದು ನೇರ ಶಾರ್ಟ್ ಸರ್ಕ್ಯೂಟ್. ಆಸಿಲೋಸ್ಕೋಪ್ ಪ್ರೋಬಿನ ಗ್ರೌಂಡ್ ಕ್ಲಿಪ್ ಸಾಮಾನ್ಯವಾಗಿ ಗೋಡೆಯ ಅರ್ತ್‌ಗೆ ಸೇರಿರುತ್ತದೆ. ಮೇನ್ಸ್‌ಗೆ ನೇರ ಸೇರಿದ ಸರ್ಕ್ಯೂಟಿಗೆ ಅದನ್ನು ಸಿಕ್ಕಿಸಿದರೆ ಕಿಡಿ ಖಂಡಿತ.

ಹೆಜ್ಜೆ 6: ಪರೀಕ್ಷೆ

ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ, ಆದರೂ ಒಂದು ಲೆಕ್ಕ ಹೇಳಲೇಬೇಕು. ವಿಟಿಯು 2022ರ ಸ್ಕೀಮಿನಲ್ಲಿ ಥಿಯರಿ ವಿಷಯಕ್ಕೆ ಇಂಟರ್ನಲ್ಸ್ 50, ಸೆಮಿಸ್ಟರ್ ಪರೀಕ್ಷೆ 50. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಬೇಕು, ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ 40. ಎರಡರಲ್ಲೂ ಕನಿಷ್ಠ ತೆಗೆದವರಿಗೆ 38 ಆಗುತ್ತದೆ, ಪಾಸಾಗುವುದಿಲ್ಲ. ಇಂಟರ್ನಲ್ಸ್‌ನಲ್ಲಿ 40 ದಾಟಿಸಿಕೊಂಡವರು ಪರೀಕ್ಷೆಯ ದಿನ ನೆಮ್ಮದಿಯಾಗಿ ಉಸಿರಾಡುತ್ತಾರೆ. ನಿಮ್ಮ ಸ್ಕೀಮ್ ಬೇರೆಯಾಗಿದ್ದರೆ ಮೊದಲ ವಾರವೇ ಅದರ ರೆಗ್ಯುಲೇಶನ್ ಓದಿಕೊಳ್ಳಿ. ಪೇಪರಿನಲ್ಲಿ ಮಾಡ್ಯೂಲಿಗೆ ಒಂದರಂತೆ ಐದು ಪ್ರಶ್ನೆಗೆ ಉತ್ತರ ಬರೆಯಬೇಕು, ಮೂರು ಗಂಟೆ, ಒಂದಕ್ಕೆ 36 ನಿಮಿಷ. ಗಡಿಯಾರ ಇಟ್ಟುಕೊಂಡು ಹಳೆಯ ಪೇಪರ್ ಬಿಡಿಸದವರಿಗೆ ಐದನೆಯದು ಮುಟ್ಟಲೂ ಆಗುವುದಿಲ್ಲ.

ಹೆಜ್ಜೆ 7: ಪ್ರಾಜೆಕ್ಟ್ ಕೊಳ್ಳಬೇಡಿ

ಕೊನೆಯ ವರ್ಷದಲ್ಲಿ ರಿಪೋರ್ಟು ಸಮೇತ ರೆಡಿ ಪ್ರಾಜೆಕ್ಟ್ ಮಾರುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಅದಕ್ಕೆ ಕೊಡುವ ದುಡ್ಡಿನಲ್ಲಿ ನಾಲ್ಕು ಸಲ ಸುಟ್ಟು ಕಲಿಯುವಷ್ಟು ಪಾರ್ಟ್ ಬರುತ್ತವೆ. ವಿಷಯಕ್ಕೆ ದೂರ ಹೋಗಬೇಕಿಲ್ಲ, ಊರಿನ ಬೋರ್‌ವೆಲ್ ಸಾಕು. ತ್ರೀಫೇಸ್ ಯಾವಾಗ ಬರುತ್ತದೋ ಗೊತ್ತಿಲ್ಲ, ಅಪ್ಪ ರಾತ್ರಿ ಎದ್ದು ತೋಟಕ್ಕೆ ಹೋಗುತ್ತಾರೆ. ಮೋಟರ್ ಆನ್ ಆದಮೇಲೆ ನೀರು ಬತ್ತಿದರೆ ಪಂಪು ಒಣಗಿ ಓಡಿ ಸುಟ್ಟುಹೋಗುತ್ತದೆ. ನೀರು ಎತ್ತುವಾಗ ಎಳೆಯುವುದಕ್ಕಿಂತ ಒಣಗಿ ಓಡುವಾಗ ಮೋಟರ್ ಎಳೆಯುವ ಕರೆಂಟ್ ಕಡಿಮೆ. ಒಂದು ಕರೆಂಟ್ ಟ್ರಾನ್ಸ್‌ಫಾರ್ಮರ್‌ನಿಂದ (ತಂತಿಯ ಸುತ್ತ ಕೂತು ಕರೆಂಟ್ ಅಳೆಯುವ ಸುರುಳಿ) ಅದನ್ನು ಅಳೆದು, ಮೇಲೆ ಹೇಳಿದ ಒಂದು ಸಾಲಿನ ಫಿಲ್ಟರಿನಿಂದ ಕೂರಿಸಿ, ಮಿತಿಗಿಂತ ಕೆಳಗಿಳಿದರೆ ಸ್ಟಾರ್ಟರ್ ಬಿಡಿಸುವುದು. ಇದರಲ್ಲಿ ಮೋಟರು, ಎಡಿಸಿ, ಕೋಡು, ಕಂಟ್ರೋಲು ಎಲ್ಲವೂ ಇದೆ.

ಮಾರುಕಟ್ಟೆಯಲ್ಲಿ ಇಂಥದ್ದು ಈಗಾಗಲೇ ಸಿಗುತ್ತದೆ, ಗೈಡ್ ಹಾಗಂತ ಮುಖ ಸಿಂಡರಿಸಬಹುದು. ಸಿಗಲಿ ಬಿಡಿ. ನಿಮ್ಮ ತೋಟದ ಮೋಟರ್ ನೀರಿರುವಾಗ ಎಷ್ಟು ಆಂಪಿಯರ್, ಬತ್ತಿದಾಗ ಎಷ್ಟು ಎಂದು ಅಳೆದ ನಂಬರ್ ನಿಮ್ಮ ಹತ್ತಿರ ಮಾತ್ರ ಇರುತ್ತದೆ. ಒಂದು ಶರತ್ತು: 415 ವೋಲ್ಟಿನ ಕಡೆ ನೀವು ಕೈ ಹಾಕಬೇಡಿ. ಪ್ಯಾನಲ್ ಒಳಗಿನ ವೈರಿಂಗ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ, ನೀವು 5 ವೋಲ್ಟಿನ ಕಡೆ ಇರಿ.

ಹೆಜ್ಜೆ 8: ಮುಂದಿನ ದಾರಿ

ಗೇಟ್ (ಎಂಟೆಕ್ ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಬರೆಯುವವರು ಮೂರನೇ ವರ್ಷದ ರಜೆಯಿಂದ ಶುರು ಮಾಡಿ. 65 ಪ್ರಶ್ನೆ, 100 ಅಂಕ, 3 ಗಂಟೆ, ಅದರಲ್ಲಿ 15 ಅಂಕ ಜನರಲ್ ಆಪ್ಟಿಟ್ಯೂಡ್‌ನದ್ದು, ಅದನ್ನು ಬಿಟ್ಟುಕೊಡಬೇಡಿ. ಕೆಪಿಟಿಸಿಎಲ್, ಎಸ್ಕಾಂ, ಬಿಇಎಲ್, ಇಸ್ರೊ ಎಂದು ಆಸೆ ಇದ್ದವರು ಹಳೆಯ ನೋಟಿಫಿಕೇಶನ್ ತೆಗೆದು ಯಾವ ಹುದ್ದೆಗೆ ಯಾವ ಬ್ರಾಂಚ್ ಎಂದು ಈಗಲೇ ನೋಡಿ. ಎಲ್ಲ ಹುದ್ದೆಗೂ ಇಸಿ, ಇಇ ಎರಡನ್ನೂ ತೆಗೆದುಕೊಳ್ಳುವುದಿಲ್ಲ.

ಚಿಪ್ ಕಂಪನಿಗಳ ಇಂಟರ್ವ್ಯೂಗೆ ಹೋದರೆ ರೆಸ್ಯೂಮೆಯಲ್ಲಿ ಬರೆದ ಎಐ ಪ್ರಾಜೆಕ್ಟಿನ ಬಗ್ಗೆ ಐದು ನಿಮಿಷ ಕೇಳುತ್ತಾರೆ. ಆಮೇಲೆ ಎದುರಿಗಿದ್ದವರು ಒಂದು ಬಿಳಿ ಹಾಳೆ ಎಳೆದುಕೊಂಡು ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಗೀಚಿ, 5 ವೋಲ್ಟ್ ಎಂದು ಬರೆದು, ಪೆನ್ನು ನಿಮ್ಮ ಕಡೆ ತಳ್ಳುತ್ತಾರೆ. ಸ್ವಿಚ್ ಹಾಕಿದ ಗಳಿಗೆಯಲ್ಲಿ ಔಟ್‌ಪುಟ್ ಎಷ್ಟು? ತುಂಬಾ ಹೊತ್ತಾದ ಮೇಲೆ ಎಷ್ಟು? ಎರಡನ್ನೂ ಅದಲುಬದಲು ಮಾಡಿದರೆ? ಅದಲುಬದಲಿನ ಗ್ರಾಫನ್ನು ಇವತ್ತು ರಾತ್ರಿಯೇ ಬರೆದು, ಆಮೇಲೆ ಬ್ರೆಡ್‌ಬೋರ್ಡಿನಲ್ಲಿ ನೋಡಿ. ಮೀಟರನ್ನು ಲೆಕ್ಕದಲ್ಲಿ ಸೇರಿಸಲು ಮರೆಯಬೇಡಿ.